ಎಂಜಿನ್ ಕಾಯ್ದವನ ಸಹಿ

ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳಲ್ಲಿ ಹಾರಿದವರು ಸಹಿ ಹಾಕಿದ ಫೋಟೋಗಳನ್ನು ಸಂಗ್ರಹಿಸುವವರು ಹೆಚ್ಚಾಗಿ ಪೈಲಟ್‌ಗಳ ಬೆನ್ನು ಹತ್ತುತ್ತಾರೆ. ಎಂಜಿನ್ ರಿಪೇರಿಯಲ್ಲೇ ಕೂದಲು ಹಣ್ಣಾದ ನನಗೆ ಬೇಕಾದದ್ದು ಫ್ಲೈಟ್ ಎಂಜಿನಿಯರ್ ಸಹಿ. ಬ್ರಿಟನ್ನಿನ ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಸಾಮಾನ್ಯವಾಗಿ ಏಳು ಜನ. ಎರಡನೇ ಪೈಲಟ್ ಇರುತ್ತಿರಲಿಲ್ಲ. ಪೈಲಟ್ ಪಕ್ಕದಲ್ಲಿದ್ದು ನಾಲ್ಕು ಎಂಜಿನ್‌ಗಳ ಶಾಖ, ಆಯಿಲ್ ಒತ್ತಡ, ಪೆಟ್ರೋಲಿನ ಲೆಕ್ಕ ನೋಡುತ್ತಿದ್ದವನೇ ಈ ಎಂಜಿನಿಯರ್.

ಇಲ್ಲಿ ಸಹಿಗೆ ಬೆಲೆ ಕಟ್ಟುವುದು ಆಯಸ್ಸು. ಬೇಗ ಸತ್ತವರದು ದುಬಾರಿ, ಬಹುಕಾಲ ಬಾಳಿದವರದು ಅಗ್ಗ. ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. 1943ರ ಮೇ ತಿಂಗಳಲ್ಲಿ ಜರ್ಮನಿಯ ಅಣೆಕಟ್ಟುಗಳ ಮೇಲಿನ ದಾಳಿಗೆ ನಾಯಕನಾಗಿದ್ದ ಗೈ ಗಿಬ್ಸನ್ ಮರುವರ್ಷವೇ, 26ನೇ ವಯಸ್ಸಿಗೆ ತೀರಿಕೊಂಡರು. ಹಾಗಾಗಿ ಅವರ ಸಹಿಗೆ ನಕಲಿಗಳೂ ಹುಟ್ಟಿಕೊಂಡಿವೆ. ಕೊಳ್ಳುವ ಮುಂಚೆ ಭೂತಗನ್ನಡಿ ಹಿಡಿಯಬೇಕು. ಸಹಿ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದರೆ ಅದು ಅಚ್ಚು ಹಾಕಿದ್ದು. ಗಿಬ್ಸನ್ ಸಹಿ ಸ್ಕೆಚ್ ಪೆನ್ನಿನಲ್ಲಿದ್ದರೆ ಬೆಲೆ ಕೇಳುವುದೂ ಬೇಡ. ಅವರ ಕಾಲಕ್ಕೆ ಅದು ಹುಟ್ಟಿಯೇ ಇರಲಿಲ್ಲ.

ನನ್ನ ಬಳಿ ಇರುವುದು ಲ್ಯಾಂಕಾಸ್ಟರ್‌ನ ಕಪ್ಪು-ಬಿಳುಪು ಫೋಟೋ. ಬಿಳಿ ಅಂಚಿನಲ್ಲಿ ರೇ ಗ್ರೇಸ್ಟನ್ ಮುಪ್ಪಿನಲ್ಲಿ ಹಾಕಿದ ಸಹಿ. ಕೊನೆಯ ಅಕ್ಷರಗಳಲ್ಲಿ ಕೈ ನಡುಗಿದ್ದು ಕಾಣುತ್ತದೆ. ಗಿಬ್ಸನ್ ನಾಯಕತ್ವದ ಅದೇ ದಾಳಿಯಲ್ಲಿ ಈಡರ್ ಅಣೆಕಟ್ಟನ್ನು ಒಡೆದ ವಿಮಾನದ ಎಂಜಿನಿಯರ್ ಅವರು. ಬಾಂಬ್ ಬಿಡಬೇಕಾಗಿದ್ದುದು ನೀರಿನಿಂದ ಬರೀ 60 ಅಡಿ ಎತ್ತರದಲ್ಲಿ, ಅದೂ ರಾತ್ರಿ ಹೊತ್ತು. ಆ ರಾತ್ರಿ ಒಡೆದ ಅಣೆಕಟ್ಟುಗಳ ಪ್ರವಾಹಕ್ಕೆ ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ನೂರಾರು ಮಂದಿ ಜರ್ಮನ್ನರು ಬಲವಂತವಾಗಿ ದುಡಿಸುತ್ತಿದ್ದ ವಿದೇಶೀಯರು. ಅದಕ್ಕೇ ಈ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ಏರಿಸಿಲ್ಲ, ಆಲ್ಬಮ್ಮಿನಲ್ಲಿಟ್ಟಿದ್ದೇನೆ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಇನ್ನೊಂದು ದಾಳಿಯ ವೇಳೆ, ಮಂಜಿನಲ್ಲಿ ಗ್ರೇಸ್ಟನ್ ಇದ್ದ ವಿಮಾನ ಮರಗಳಿಗೆ ತಗುಲಿ ಎಡಗಡೆಯ ಎರಡೂ ಎಂಜಿನ್ ಹಾಳಾದವು. ಆಸ್ಟ್ರೇಲಿಯಾದ ಪೈಲಟ್ ಲೆಸ್ ನೈಟ್, ಉಳಿದವರೆಲ್ಲ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವವರೆಗೂ ವಿಮಾನವನ್ನು ಹಿಡಿದಿಟ್ಟರು. ಹಾರಿದವರೆಲ್ಲ ಬದುಕಿದರು. ನೈಟ್ ಮಾತ್ರ ಹಾಲೆಂಡಿನ ಡೆನ್ ಹ್ಯಾಮ್ ಬಳಿ ವಿಮಾನ ಇಳಿಸಲು ಹೋಗಿ ಸತ್ತರು. ಆಗ ಅವರಿಗೆ 22 ವರ್ಷ. ಗ್ರೇಸ್ಟನ್ ಜರ್ಮನ್ನರ ಕೈಗೆ ಸೆರೆಸಿಕ್ಕರೂ ಬದುಕಿ ಬಂದು, 2010ರವರೆಗೆ ಬಾಳಿದರು.

ಗ್ರೇಸ್ಟನ್ ಸಹಿ ಗಿಬ್ಸನ್ನರದಷ್ಟು ಅಪರೂಪದ್ದಲ್ಲ ಎಂದು ಮೂಗು ಮುರಿಯುವ ಸಂಗ್ರಾಹಕರಿದ್ದಾರೆ. ಅದು ಅಪರೂಪವಾಗದಂತೆ ನೋಡಿಕೊಂಡವರೇ ಲೆಸ್ ನೈಟ್.