ಸಣ್ಣಗಿರುವವರು ಸುಮ್ಮನೆ ಕೂರುವುದಿಲ್ಲ

ತಿರುವನಂತಪುರ ನಗರದ ಉತ್ತರಕ್ಕಿರುವ ಕಳಕ್ಕೂಟಂನಲ್ಲಿ 1990ರಲ್ಲಿ ಟೆಕ್ನೋಪಾರ್ಕ್ ಹುಟ್ಟಿತು. ದೇಶದ ಮೊದಲ ಟೆಕ್ನಾಲಜಿ ಪಾರ್ಕ್ ಅದು. ಅಲ್ಲಿನ ಕಟ್ಟಡಗಳಿಗೆ ನಿಳಾ, ಪೆರಿಯಾರ್, ಭವಾನಿ, ತೇಜಸ್ವಿನಿ ಎಂದು ನದಿಗಳ ಹೆಸರು. ಹೆಸರು ಹರಿಯುವ ನೀರಿನದು. ಒಳಗಿನ ಕೆಲಸ ಮಾತ್ರ ಅಲುಗಾಡದೆ ಕೂರುವಂಥದ್ದು. ಮನೆ ಬಾಗಿಲಿಗೆ ಕ್ಯಾಬ್, ಕಟ್ಟಡದ ಬಾಗಿಲಿಗೆ ಲಿಫ್ಟ್, ಮೇಜಿಗೇ ಊಟ. ಕೊಚ್ಚಿಯ ಇನ್ಫೋಪಾರ್ಕ್ ಆಗಲಿ, ನಮ್ಮ ವೈಟ್‌ಫೀಲ್ಡ್ ಆಗಲಿ, ಕಥೆ ಬೇರೆಯಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕೇರಳದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 38ರಷ್ಟು ಮಂದಿಗೆ ತೂಕ ಹೆಚ್ಚು. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಶೇ 30. ಪರಿಹಾರ ಎಂದರೆ ಎಲ್ಲರಿಗೂ ತಟ್ಟನೆ ನೆನಪಾಗುವುದು ಜಿಮ್. ಆದರೆ ಜಿಮ್ಮಿನತ್ತ ತಲೆಯೂ ಹಾಕದೆ, ಹೊಟ್ಟೆ ತುಂಬ ಉಂಡೂ ಸಣ್ಣಗೇ ಇರುವವರು ಪ್ರತಿ ಆಫೀಸಿನಲ್ಲೂ ಒಬ್ಬಿಬ್ಬರು ಇರುತ್ತಾರಲ್ಲ, ಅವರ ಗುಟ್ಟೇನು?

ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆಗೆ ಒಡ್ಡಿದರು. ಬೊಜ್ಜಿಲ್ಲದ 16 ಮಂದಿಗೆ ಎಂಟು ವಾರ, ದಿನವೂ ಅಗತ್ಯಕ್ಕಿಂತ 1,000 ಕ್ಯಾಲೊರಿ ಹೆಚ್ಚು ಉಣಿಸಿದರು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಬ್ಬರ ಮೈಯಲ್ಲಿ ನಾಲ್ಕು ಕಿಲೋಗೂ ಹೆಚ್ಚು ಕೊಬ್ಬು ಸೇರಿದ್ದರೆ, ಇನ್ನೊಬ್ಬರಿಗೆ ಅರ್ಧ ಕಿಲೋ ಕೂಡ ಬಂದಿರಲಿಲ್ಲ. ವ್ಯಾಯಾಮವೆನ್ನಿಸಿಕೊಳ್ಳದ ಚಲನೆಯೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ: ಎದ್ದು ಓಡಾಡುವುದು, ನಿಲ್ಲುವುದು, ಕಾಲು ಕುಣಿಸುವುದು. ತಜ್ಞರು ಇದನ್ನು ‘ನೀಟ್’ ಎನ್ನುತ್ತಾರೆ.

ಇಂಥ ಚಿಲ್ಲರೆ ಚಲನೆಗೆ ಎಷ್ಟು ಶಕ್ತಿ ಬೇಕೆಂದೂ ಲೆವಿನ್ ತಂಡ ಅಳೆದಿದೆ. ಮಲಗಿರುವುದಕ್ಕೂ ಅಲುಗಾಡದೆ ಕೂರುವುದಕ್ಕೂ ವ್ಯತ್ಯಾಸ ಬರೀ ಶೇ 4. ಸುಮ್ಮನೆ ನಿಂತರೂ ಶೇ 13 ಅಷ್ಟೇ. ಆದರೆ ಕೂತಲ್ಲೇ ಕೈಕಾಲು ಆಡಿಸಿದರೆ ಶೇ 50ರಷ್ಟು ಏರಿಕೆ. ಗಂಟೆಗೆ ಒಂದೂವರೆ ಕಿಲೋಮೀಟರಿನಂತೆ ಅಡ್ಡಾಡಿದರೂ ಖರ್ಚು ಎರಡು ಪಟ್ಟು ದಾಟುತ್ತದೆ. ದುಬಾರಿ ‘ಸ್ಟ್ಯಾಂಡಿಂಗ್ ಡೆಸ್ಕ್’ ಕೊಂಡು ಅದರ ಮುಂದೆ ಕಂಬದಂತೆ ನಿಲ್ಲುವವರು ಈ ಲೆಕ್ಕವನ್ನು ಗಮನಿಸಬೇಕು.

ಕೂತು ದುಡಿಯುವವರು ಮತ್ತು ಓಡಾಡಿ ದುಡಿಯುವವರ ಹೋಲಿಕೆ ಇದಕ್ಕಿಂತ ಹಳೆಯದು. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ಕೂತೇ ಇರುವ ಡ್ರೈವರುಗಳಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಎಂದು ಸಂಶೋಧಕ ಜೆರ್ರಿ ಮಾರಿಸ್ 1953ರಲ್ಲಿ ತೋರಿಸಿದರು. ಆಮೇಲೆ ಸಮವಸ್ತ್ರದ ದಾಖಲೆ ತೆಗೆಸಿ ನೋಡಿದರೆ, ಡ್ರೈವರುಗಳ ಪ್ಯಾಂಟಿನ ಸೊಂಟದಳತೆ ಚಿಕ್ಕ ವಯಸ್ಸಿನಲ್ಲೇ ಹೆಚ್ಚಿತ್ತು. ಹಾಗಾದರೆ ಕೂತು ದಪ್ಪಗಾದರೋ, ಕೂರುವ ಕೆಲಸವೇ ದಪ್ಪಗಿದ್ದವರ ಪಾಲಿಗೆ ಬಂತೋ?

ಲೆವಿನ್ ತಂಡದ 2005ರ ಅಧ್ಯಯನ ಈ ಪ್ರಶ್ನೆಯನ್ನು ಮುಟ್ಟುತ್ತದೆ. ಒಳಉಡುಪಿನಲ್ಲೇ ಸೆನ್ಸರ್ ಅಳವಡಿಸಿ ಹತ್ತು ದಿನ ಅಳೆದಾಗ, ಸ್ಥೂಲಕಾಯದವರು ತೆಳ್ಳಗಿನವರಿಗಿಂತ ದಿನಕ್ಕೆ ಎರಡು ತಾಸಿಗೂ ಹೆಚ್ಚು ಕೂತಿದ್ದರು. ತೆಳ್ಳಗಿನವರಂತೆ ಓಡಾಡಿದ್ದರೆ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಖರ್ಚಾಗುತ್ತಿತ್ತು. ಆದರೆ ದಪ್ಪಗಿನವರ ತೂಕ ಇಳಿಸಿ, ತೆಳ್ಳಗಿನವರ ತೂಕ ಏರಿಸಿ ನೋಡಿದರೂ ಕೂರುವ ಚಾಳಿ ಬದಲಾಗಲಿಲ್ಲ. ಅಂದರೆ ಕೂರುವ ಒಲವು ಒಂದಿಷ್ಟು ಮೈಗೇ ಅಂಟಿ ಬಂದದ್ದು. ದಪ್ಪಗಿರುವವರನ್ನು ‘ಸೋಮಾರಿ’ ಎಂದು ಹಂಗಿಸುವುದು ತಪ್ಪು.

ಬರೀ ಛಲ ನೆಚ್ಚಿಕೊಂಡರೆ ಸಾಲದು, ಎದ್ದೇಳಲೇಬೇಕಾದ ನೆಪಗಳನ್ನು ಹುಟ್ಟಿಸಿಕೊಳ್ಳಬೇಕು. ನೀರಿನ ಬಾಟಲಿ ಮೇಜಿನಿಂದ ದೂರವಿರಲಿ. ಫೋನ್ ಬಂದರೆ ಎದ್ದು ಮಾತಾಡಿ. ಪಕ್ಕದ ವಿಭಾಗದವರಿಗೆ ಮೆಸೇಜ್ ಬದಲು ನಾಲ್ಕು ಹೆಜ್ಜೆ ನಡೆಯಿರಿ. ಚಹಾಕ್ಕೆ ಗೇಟಿನಾಚೆಯ ತಟ್ಟುಕಡಕ್ಕೇ (ರಸ್ತೆಬದಿಯ ತಿಂಡಿ ಅಂಗಡಿಗೆ) ಹೋಗಿ. ಆದರೆ ಅಲ್ಲಿ ತಿಂದ ಒಂದು ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಅರ್ಧ ತಾಸಿನ ನಡಿಗೆಯನ್ನು ನುಂಗಿಹಾಕೀತು, ಎಚ್ಚರ! ಜಿಮ್ಮಿಗೆ ಹೋಗುವವರು ಬಿಡಬೇಕಿಲ್ಲ. ಉಳಿದ ಹೊತ್ತನ್ನು ಕುರ್ಚಿಗೆ ಬಿಟ್ಟುಕೊಡದಿದ್ದರಾಯಿತು.

ಹೊಣೆ ನೌಕರರದ್ದಷ್ಟೇ ಅಲ್ಲ. ಬಹುತೇಕ ಆಫೀಸುಗಳಲ್ಲಿ ಲಿಫ್ಟ್ ಎದುರಿಗೇ ಥಳಥಳಿಸುತ್ತದೆ, ಮೆಟ್ಟಿಲು ಮಾತ್ರ ಭಾರದ ಬಾಗಿಲ ಹಿಂದೆ ಕತ್ತಲಲ್ಲಿರುತ್ತದೆ. ಉದ್ಯೋಗಿಗಳ ಆರೋಗ್ಯಕ್ಕೆಂದು ವರ್ಷಕ್ಕೊಮ್ಮೆ ಶಿಬಿರ ನಡೆಸುವ ಕಂಪನಿಗಳು ಮೊದಲು ಆ ಮೆಟ್ಟಿಲಿಗೆ ಒಂದು ದೀಪ ಹಾಕಿಸಲಿ.