ಕಿತ್ತೂರನ್ನು ಗೆದ್ದ ತೋಪು ಯಾವುದು?

ಕಿತ್ತೂರಿನ ಎರಡು ಕಾಳಗಗಳ ನಡುವೆ ಇದ್ದದ್ದು ಬರೀ ಆರು ವಾರ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಅಗಸಿಯ ಮುಂದೆ ತೋಪು ನಿಲ್ಲಿಸಿ, ಬಾಗಿಲು ತೆಗೆಯದಿದ್ದರೆ ಒಡೆಯುತ್ತೇನೆಂದು ಬೆದರಿಸಿದ. ಬಾಗಿಲು ತೆರೆಯಿತು, ಕಿತ್ತೂರಿನ ರಾಣಿ ಚನ್ನಮ್ಮನ ದಂಡು ಹೊರಗೆ ನುಗ್ಗಿತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಉರುಳಿದ. ಮದ್ರಾಸಿನ ಕುದುರೆ ತೋಪಖಾನೆಯ ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಅಧಿಕಾರಿಗಳೂ ಸತ್ತರು. ಡಿಸೆಂಬರ್ 5ರ ಹೊತ್ತಿಗೆ ಅದೇ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿತ್ತು. ಈ ತಿರುವಿಗೆ ನಾವು ದ್ರೋಹವೊಂದನ್ನೇ ಕಾರಣವಾಗಿ ಹೇಳುತ್ತ ಬಂದಿದ್ದೇವೆ. ತೋಪುಗಳ ಲೆಕ್ಕ ಹಿಡಿದು ನೋಡಿದರೆ ಅದಕ್ಕಿಂತ ಗಟ್ಟಿಯಾದ ಕಾರಣವೊಂದು ಕಾಣುತ್ತದೆ.

ಕುದುರೆ ತೋಪಖಾನೆ ಬಯಲಿನ ಓಟಕ್ಕೆಂದೇ ಹುಟ್ಟಿದ್ದು. ಅದರ ರೂಢಿಯ ತೋಪು ಆರು ಪೌಂಡಿನದು. ಗುಂಡು ಮೂರು ಕಿಲೋ ಕೂಡ ತೂಗುವುದಿಲ್ಲ. ಅದು ಬಾಗಿಲು ಒಡೆದೀತು, ಕೋಟೆಯ ಮೈಯನ್ನಲ್ಲ. ಗೋಡೆ ಕೆಡವಲು ಆ ಕಾಲದವರು ಒಯ್ಯುತ್ತಿದ್ದ 18 ಪೌಂಡಿನ ಕಬ್ಬಿಣದ ತೋಪಿನ ಗುಂಡು ಎಂಟು ಕಿಲೋ, ತೋಪು ಸುಮಾರು ಎರಡು ಟನ್. ಒಂದೇ ಮಟ್ಟಕ್ಕೆ, ಗೋಡೆಯ ಬುಡದ ಹತ್ತಿರ ಗುಂಡಿನ ಮೇಲೆ ಗುಂಡು ಬಿದ್ದರೆ ಮೊದಲು ಕಲ್ಲಿನ ಸಂದು ಸಡಿಲುತ್ತದೆ, ಆಮೇಲೆ ಮೇಲಿನ ಭಾರವೇ ಗೋಡೆಯನ್ನು ಕೆಳಗೆ ಎಳೆಯುತ್ತದೆ. ಬಿದ್ದ ರಾಶಿಯೇ ಸೈನಿಕರು ಹತ್ತುವ ಮೆಟ್ಟಿಲಾಗುತ್ತದೆ. ಇಂಥ ತೋಪು ಎಳೆಯಲು ಎತ್ತುಗಳೇ ಬೇಕು. ಹೈದರ್–ಟಿಪ್ಪು ಬೆಳೆಸಿದ ಅಮೃತಮಹಲ್ ದನಗಳನ್ನು ಕಂಪನಿ ತನ್ನ ಕೈಗೆ ತೆಗೆದುಕೊಂಡದ್ದೂ ಅದಕ್ಕೇ. ಬೈಲಹೊಂಗಲ, ಸವದತ್ತಿಯ ಎರೆಮಣ್ಣು ಹಸಿಯಾದರೆ ಬರಿ ಚಕ್ಕಡಿಯೇ ಹೂತು ನಿಲ್ಲುತ್ತದೆ. ಡಿಸೆಂಬರ್‌ನಲ್ಲಿ ನೆಲ ಒಣಗಿರುತ್ತದೆ. ಆಗ ಕರ್ನಲ್ ಡೀಕನ್ ದೊಡ್ಡ ದಂಡು, ತೋಪುಗಳೊಂದಿಗೆ ಬಂದ. ಗೋಡೆ ಬಿರಿದ ಮೇಲೆ ಕೋಟೆಯವರು ಕೈಚೆಲ್ಲಿದರು. ನೀರಿನ ಕಂದಕವಿದ್ದ ಬೆಳಗಾವಿ ಕೋಟೆ 1818ರಲ್ಲಿ ಕಂಪನಿಯ ಸೇನಾಪತಿ ಮನ್ರೋಗೆ ಶರಣಾದದ್ದೂ ಸುಮಾರು ಮೂರು ವಾರಗಳ ಮುತ್ತಿಗೆಯ ನಂತರವೇ.

ಹಾಗಾದರೆ ಕಿತ್ತೂರಿನ ಅಧಿಕಾರಿಗಳಾಗಿದ್ದ ಮಲ್ಲಪ್ಪಶೆಟ್ಟಿ, ವೆಂಕಟರಾಯರ ದ್ರೋಹ ಸುಳ್ಳೇ? ಮದ್ದಿಗೆ ಸಗಣಿ ಬೆರೆಸಿದರೆಂಬ ಜನರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೆಟ್ಟ ಮದ್ದು ಬುರುಜಿನ ತೋಪಿನ ಬಾಯಿ ಕಟ್ಟುತ್ತದೆ, ಶತ್ರು ನಿರ್ಭಯವಾಗಿ ಹತ್ತಿರ ಬರುತ್ತಾನೆ. ಕೋಟೆ ಹಿಡಿದು ನಿಲ್ಲಬಹುದಾಗಿದ್ದ ದಿನಗಳು ಹೀಗೆ ಕಡಿಮೆಯಾದಾವು. ಆದರೆ ಗೋಡೆಯನ್ನು ಒಡೆದದ್ದು ಹೊರಗಿನ ಗುಂಡು. ಕಂಪನಿಗೆ ಈ ಲೆಕ್ಕ ಚೆನ್ನಾಗಿ ತಿಳಿದಿತ್ತು. 1858ರಲ್ಲಿ ನರಗುಂದದ ಅರಸ ಭಾಸ್ಕರರಾವ್ ಭಾವೆಗೆ ಬಂದ ಆಜ್ಞೆ, ತೋಪು ಮದ್ದುಗಳನ್ನು ಧಾರವಾಡಕ್ಕೆ ಕಳಿಸಬೇಕೆಂಬುದು. ಅವನು ತಿರುಗಿಬಿದ್ದ. ಮೇ ತಿಂಗಳ ಕೊನೆಗೆ ರಾಮದುರ್ಗ ಸೀಮೆಯ ಸುರೇಬಾನದಲ್ಲಿ ಕಂಪನಿಯ ಅಧಿಕಾರಿ ಮ್ಯಾನ್ಸನ್ನನ ತಲೆ ಉರುಳಿತು. ಜೂನ್ 2ರಂದು ಕರ್ನಲ್ ಮಾಲ್ಕಮ್‌ನ ಸೈನಿಕರು ನರಗುಂದದ ಗುಡ್ಡ ಹತ್ತಿದಾಗ ಕೋಟೆ ಬರಿದಾಗಿತ್ತು.