ಗೇಣಿ ಚೀಟಿನಲ್ಲಿ ಇಲ್ಲದ ಹೆಸರು

ಕರಾವಳಿಯ ಕಥೋಲಿಕ ಮನೆಗಳಲ್ಲಿ ಹಿರಿಯರ ವಿಚಾರ ಬಂದಾಗ ಮಾತು ಬಹುಮಟ್ಟಿಗೆ ಶ್ರೀರಂಗಪಟ್ಟಣಕ್ಕೆ ಹೋಗಿ ನಿಲ್ಲುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾಗಿ ಒಯ್ಯಲ್ಪಟ್ಟವರಲ್ಲಿ ಬದುಕಿ ಉಳಿದವರು 1799ರಲ್ಲಿ ಆತನ ಪತನಾನಂತರ ಊರಿಗೆ ಮರಳಿದರು. ಆ ಹದಿನೈದು ವರ್ಷಗಳ ಕುರಿತು ಸಾಕಷ್ಟು ಬರೆಯಲಾಗಿದೆ. ಮರಳಿ ಬಂದವರ ಮಕ್ಕಳು ಹೇಗೆ ಜೀವಿಸಿದರು, ಯಾರ ಭೂಮಿಯನ್ನು ಉತ್ತರು, ಯಾರ ಕೈ ಹಿಡಿದರು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಲ್ಲ. ಹಾಗೆ ಮರಳಿದವರೊಬ್ಬರ ಮಗ, ನಮ್ಮ ಮುತ್ತಜ್ಜನ ತಂದೆ, ಮಂಗಳೂರಿನ ಸಮೀಪದ ಹಳ್ಳಿಯೊಂದರಲ್ಲಿ ಬೇಸಾಯಗಾರರಾಗಿದ್ದರು. ಅವರ ಮತ್ತು ಅವರ ಪತ್ನಿಯ ಬದುಕಿನ ಜಾಡನ್ನು ಹಿಡಿಯಲು ನಾವು ಮಾಡಿದ ಪ್ರಯತ್ನದ ವಿವರ ಇಲ್ಲಿದೆ.

ನಮ್ಮಲ್ಲಿದ್ದ ಆಧಾರಗಳು ಎರಡೇ. ಒಂದು, ಮನೆಯ ಮರದ ಪೆಟ್ಟಿಗೆಯಲ್ಲಿದ್ದ ಗೇಣಿ ಚೀಟು ಹಾಗೂ ರಶೀದಿಗಳ ಕಟ್ಟು. ಇನ್ನೊಂದು, ಇಗರ್ಜಿಯ ಜ್ಞಾನಸ್ನಾನ, ವಿವಾಹ ಮತ್ತು ಮರಣಗಳ ಪುಸ್ತಕಗಳು. 1784ರ ಬಳಿಕ ಇಗರ್ಜಿಗಳು ಕೆಡವಲ್ಪಟ್ಟಾಗ ಅವುಗಳ ದಾಖಲೆಗಳೂ ಬಹುಪಾಲು ನಾಶವಾದುದರಿಂದ ಹೆಚ್ಚಿನ ಮನೆತನಗಳ ಲಿಖಿತ ಚರಿತ್ರೆ ಹತ್ತೊಂಬತ್ತನೆಯ ಶತಮಾನದಲ್ಲೇ ಆರಂಭವಾಗುತ್ತದೆ. ನಮ್ಮದೂ ಹಾಗೆಯೇ.

ಚೀಟು ಹೇಳುವ ಪ್ರಕಾರ ಅವರು ಚಾಲಗೇಣಿ ಒಕ್ಕಲು. ಮೂಲಗೇಣಿದಾರನಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕಿತ್ತು, ಗೇಣಿಯೂ ಏರುವಂತಿರಲಿಲ್ಲ. ಚಾಲಗೇಣಿಯವನಾದರೋ ಧಣಿಯ ಮನಸ್ಸಿರುವ ತನಕ ಮಾತ್ರ ಒಕ್ಕಲು. ಸೆರೆಯಿಂದ ಹಿಂದಿರುಗಿ ತಮ್ಮ ಭೂಮಿ ಬೇರೆಯವರ ವಶದಲ್ಲಿರುವುದನ್ನು ಕಂಡ ಎಷ್ಟೋ ಮಂದಿಗೆ ಇಂತಹ ಒಕ್ಕಲುತನವೇ ಗತಿಯಾಯಿತು. ನಮ್ಮ ಹಿರಿಯರ ಗೇಣಿ ವರ್ಷಕ್ಕೆ 12 ಮುಡಿ ಅಕ್ಕಿ. ಮುಡಿಗೆ 42 ಸೇರಿನಂತೆ 504 ಸೇರು.

ಅಕ್ಕಿ ಎಂಬ ಮಾತನ್ನು ಓದುಗರು ಗಮನಿಸಬೇಕು. ಕೊಡಬೇಕಾದುದು ಭತ್ತವಲ್ಲ. ಅಳತೆಯಲ್ಲಿ ಸುಮಾರು ಎರಡರಷ್ಟು ಭತ್ತವನ್ನು ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಒನಕೆಯಿಂದ ಕುಟ್ಟಿ, ಗೇರಿ, ಮುಡಿ ಕಟ್ಟಿ ಧಣಿಯ ಮನೆಗೆ ಮುಟ್ಟಿಸಬೇಕಿತ್ತು. ಉಳುವುದು ಗಂಡಸಿನ ಕೆಲಸವಾದರೆ ನೇಜಿ ನೆಡುವುದು, ಬೇಯಿಸುವುದು, ಕುಟ್ಟುವುದು ಹೆಂಗಸರ ಪಾಲು. ಹಾಗಾಗಿ ಗೇಣಿಯ ಅರ್ಧ ಭಾರವಾದರೂ ಮನೆಯಾಕೆಯ ತೋಳಿನ ಮೇಲಿತ್ತು. ಆದರೆ ಕಟ್ಟಿನ ಯಾವ ಕಾಗದದಲ್ಲಿಯೂ ಆಕೆಯ ಹೆಸರಿಲ್ಲ. ಮನೆಯ ಹಿರಿಯರಿಗೂ ಅದು ತಿಳಿದಿರಲಿಲ್ಲ.

ಇಗರ್ಜಿಯ ಪುಸ್ತಕಗಳಲ್ಲಿ ಹುಡುಕುವುದು ಸುಲಭವಲ್ಲ. ಮನೆಯಲ್ಲಿ ಜುವಾಂವ್ ಎನಿಸಿಕೊಂಡವನು ಲತೀನ್ ಬರಹದಲ್ಲಿ ಜೋವಾನ್ನೆಸ್ ಆಗುತ್ತಾನೆ. ಡಿಸೋಜ, ಪಿಂಟೊ, ಲೋಬೊ ಮೊದಲಾದ ಕುಲನಾಮಗಳಂತೂ ಪುಟಪುಟಕ್ಕೂ ಸಿಗುತ್ತವೆ. (ನಮ್ಮ ಹಿರಿಯರ ಹೆಸರನ್ನು ಇಲ್ಲಿ ಬರೆದರೆ ಹತ್ತಾರು ಮನೆಯವರು ತಮ್ಮವರೆಂದಾರು!) ಮಕ್ಕಳ ಜ್ಞಾನಸ್ನಾನದ ದಾಖಲೆಗಳಲ್ಲಿ ತಾಯಿಯ ಹೆಸರು ದೊರಕಿತಾದರೂ ಆಕೆಯ ತವರು ತಿಳಿಯಲಿಲ್ಲ. ವಿವಾಹ ಸಾಮಾನ್ಯವಾಗಿ ವಧುವಿನ ಇಗರ್ಜಿಯಲ್ಲಿ ನಡೆಯುತ್ತಿದ್ದುದರಿಂದ ನಮ್ಮ ಇಗರ್ಜಿಯ ಪುಸ್ತಕ ಆ ವಿಷಯದಲ್ಲಿ ಮೌನವಾಗಿತ್ತು.

ಆಗ ನೆರವಾದುದು ನಮ್ಮ ಸಮುದಾಯದ ಹಳೆಯ ಪದ್ಧತಿ. ಮೊದಲ ಮಗಳಿಗೆ ತಂದೆಯ ತಾಯಿಯ ಹೆಸರು, ಎರಡನೆಯವಳಿಗೆ ತಾಯಿಯ ತಾಯಿಯ ಹೆಸರು ಇಡುವುದು ವಾಡಿಕೆ. ಎರಡನೆಯ ಮಗಳ ಹೆಸರು ನಮ್ಮ ಊರಿನಲ್ಲಿ ಅಪರೂಪವಾದುದು. ಆ ಮಗುವಿನ ಜ್ಞಾನಮಾತೆಯೂ ನೇತ್ರಾವತಿಯ ಆಚೆಯವಳು. ಆ ಊರಿನ ಇಗರ್ಜಿ ಆ ಕಾಲದಲ್ಲಿ ಗೋವೆಯ ಆರ್ಚ್‌ಬಿಷಪರ ಅಧೀನದಲ್ಲಿತ್ತು, ನಮ್ಮದು ಕಾರ್ಮೆಲ್ ಸಭೆಯ ಗುರುಗಳ ಅಧೀನದಲ್ಲಿ. 1886ರಲ್ಲಿ ಮಂಗಳೂರು ಧರ್ಮಪ್ರಾಂತ ಸ್ಥಾಪನೆಯಾಗುವ ತನಕ ಈ ಇಬ್ಬಗೆ ಮುಂದುವರಿದಿತ್ತು. ಅಲ್ಲಿನ ಧರ್ಮಗುರುಗಳು ಸಹನೆಯಿಂದ ತೆಗೆದುಕೊಟ್ಟ ಪೋರ್ಚುಗೀಸ್ ಭಾಷೆಯ ಪುಸ್ತಕದಲ್ಲಿ ಆ ವಿವಾಹ ದಾಖಲಾಗಿತ್ತು. ವಧುವಿನ ತಾಯಿಯ ಹೆಸರು ಆ ಎರಡನೆಯ ಮಗಳ ಹೆಸರೇ.

ಇಷ್ಟಕ್ಕೇ ತೃಪ್ತರಾಗಬಹುದಿತ್ತು. ಆದರೆ ಮರಣಗಳ ಪುಸ್ತಕವನ್ನು ರಶೀದಿಗಳ ಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಚಿತ್ರ ಸಂಗತಿ ತಿಳಿಯಿತು. ನಮ್ಮ ಹಿರಿಯರು ತೀರಿಹೋದ ಮೇಲೂ 11 ವರ್ಷ ಅವರದೇ ಹೆಸರಿನಲ್ಲಿ ಗೇಣಿ ಸಂದಿದೆ! ಸತ್ತವರು ಗೇಣಿ ಕೊಡುವುದುಂಟೆ? ಹಿರಿಯ ಮಗನಿಗೆ, ಅಂದರೆ ನಮ್ಮ ಮುತ್ತಜ್ಜನಿಗೆ, ಆಗ 9 ವರ್ಷ. ಕೊಟ್ಟವಳು ಆಕೆ. ಏಣಿಲು ಬೆಳೆಗೂ ಸುಗ್ಗಿ ಬೆಳೆಗೂ ಉಳುವ ಎತ್ತನ್ನು ಯಾರಿಂದ ಪಡೆದಳೋ, ಮುಡಿ ಕಟ್ಟಲು ಯಾರನ್ನು ಕರೆದಳೋ, ಕಾಗದ ಹೇಳುವುದಿಲ್ಲ. ಒಂದು ವರ್ಷದ ರಶೀದಿಯಲ್ಲಿ ಮಾತ್ರ 3 ಮುಡಿ ಬಾಕಿ ಎಂದಿದೆ. ಮರುವರ್ಷದ ರಶೀದಿಯಲ್ಲಿ 15 ಮುಡಿ ಜಮೆಯಾಗಿದೆ. ಬಾಕಿ ಬೆಳೆದರೆ ಒಕ್ಕಲೆಬ್ಬಿಸುವುದು ಧಣಿಗೆ ಸಲೀಸಾಗಿದ್ದ ಕಾಲದಲ್ಲಿ ಆ ಮೂರು ಮುಡಿಗಳನ್ನು ಹೊಂದಿಸಲು ಮನೆಯ ಎಷ್ಟು ರಾತ್ರಿಗಳ ಗಂಜಿ ತೆಳುವಾಗಿರಬೇಡ!

ಈ ಕಟ್ಟು ಉಳಿದು ಬಂದುದಕ್ಕೂ ಕಾರಣವಿದೆ. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿದಾರರು ಡಿಕ್ಲರೇಶನ್ ಕೊಡಬೇಕಾದಾಗ ನಮ್ಮ ತಂದೆಯವರು ಪೆಟ್ಟಿಗೆಯ ತಳದಿಂದ ಇದನ್ನು ಹೊರತೆಗೆದಿದ್ದರು. ಗದ್ದೆ ನಮ್ಮ ಹೆಸರಿಗಾಯಿತು. ಕಟ್ಟಿನ ಆ 11 ರಶೀದಿಗಳು ಒಬ್ಬ ವಿಧವೆ ತೆತ್ತ ಗೇಣಿಯವು ಎಂಬುದು ಅಂದು ಅವರಿಗೂ ತಿಳಿದಿರಲಿಲ್ಲ.

ಆಕೆಯ ಮರಣದ ದಾಖಲೆ ಎರಡೇ ಸಾಲಿನದು: ಇಂಥವನ ವಿಧವೆ, ಕಡೆಯ ಸಂಸ್ಕಾರಗಳನ್ನು ಪಡೆದು ಮೃತಳಾದಳು, ಇಗರ್ಜಿಯ ಸಿಮಿತ್ರಿಯಲ್ಲಿ ಹೂಳಲಾಯಿತು. ಗೋರಿಕಲ್ಲು ಇಲ್ಲ. ಆ ಪುಟದ ಶಾಯಿ ಕಾಗದವನ್ನು ತಿನ್ನತೊಡಗಿದೆ, ಅಂಚು ಗೆದ್ದಲಿನ ಪಾಲಾಗಿದೆ. ಇಂತಹ ಹುಡುಕಾಟಕ್ಕೆ ಹೊರಡುವ ಬಾಂಧವರು ಮಳೆಗಾಲ ಕಳೆದ ಬಳಿಕ, ಮುಂಚಿತವಾಗಿ ತಿಳಿಸಿ ಧರ್ಮಗುರುಗಳ ಬಳಿಗೆ ಹೋಗುವುದು ಉತ್ತಮ; ಹಳೆಯ ಪುಸ್ತಕದ ಬೆನ್ನನ್ನು ಬಲವಂತವಾಗಿ ಬಿಡಿಸಬಾರದು. ಅವರು ಒಪ್ಪಿದರೆ ಪುಟದ ಚಿತ್ರ ತೆಗೆದುಕೊಂಡು ಮನೆಯಲ್ಲಿ ನಿಧಾನವಾಗಿ ಓದಬಹುದು. ಪೆಟ್ಟಿಗೆಯಲ್ಲಿರುವ ಚೀಟುಗಳನ್ನೂ ಜೊತೆಗಿಟ್ಟುಕೊಳ್ಳಿ.